ಯಾರೂ ನೋಡದಿದ್ದರೂ ಕ್ಯೂಬಿಟ್ ಯಾಕೆ ಕೆಡುತ್ತದೆ? ಡಿಕೋಹೆರೆನ್ಸ್ ಬಗ್ಗೆ ಒಂದು ಪ್ರಶ್ನೆ

ತುಮಕೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಫಿಸಿಕ್ಸ್ ಮೊದಲ ವರ್ಷ. ಕ್ಲಾಸಲ್ಲಿ ಹೇಳಿಕೊಟ್ಟಿದ್ದು ಇಷ್ಟು: ಅಳೆಯುವ ತನಕ ಸೂಪರ್‌ಪೊಸಿಷನ್ (0 ಮತ್ತು 1 ಎರಡೂ ಬೆರೆತ ಸ್ಥಿತಿ) ಇರುತ್ತದೆ, ಅಳೆದ ತಕ್ಷಣ ಹೋಗುತ್ತದೆ. ಸರಿ, ಲೆಕ್ಕ ಮಾಡೋಕೆ ಬರುತ್ತದೆ. ಆದರೆ ಸೆಮಿನಾರ್‌ಗೆ ಕ್ವಾಂಟಮ್ ಕಂಪ್ಯೂಟಿಂಗ್ ತಗೊಂಡಿದ್ದೇನೆ, ಅಲ್ಲಿ ಓದಿದ್ದು ಇದಕ್ಕೆ ಹೊಂದುತ್ತಲೇ ಇಲ್ಲ. ಗೂಗಲ್‌ನ ಕ್ವಾಂಟಮ್ ಚಿಪ್ ವಿಲ್ಲೋದಲ್ಲಿ ಕ್ಯೂಬಿಟ್ (ಅಂದರೆ ಕ್ವಾಂಟಮ್ ಕಂಪ್ಯೂಟರ್‌ನ ಬಿಟ್) ಸರಾಸರಿ 68 ಮೈಕ್ರೋಸೆಕೆಂಡ್ ಬಾಳುತ್ತದೆ ಅಂತಿದೆ. ಫ್ರಿಜ್ ಒಳಗೆ ಮುಚ್ಚಿಟ್ಟಿದ್ದಾರೆ, ಯಾರೂ ಅಳೆಯುತ್ತಿಲ್ಲ, ಆದರೂ ಅಷ್ಟರಲ್ಲಿ ಕೆಟ್ಟು ಹೋಗುತ್ತದೆ. ಇದಕ್ಕೇ ಡಿಕೋಹೆರೆನ್ಸ್ ಅಂತಾರಂತೆ. ಹಾಗಾದರೆ ಅಳೆಯುತ್ತಿರುವವರು ಯಾರು?

ಇನ್ನೊಂದು. ಬಿಸಿಯೇ ಶತ್ರು ಅಂದ್ರೆ ಇನ್ನಷ್ಟು ತಣ್ಣಗೆ ಮಾಡಿದರೆ ಮುಗಿಯಿತಲ್ವಾ? ಕೊನೆಯದು ನನಗೆ ಜಾಸ್ತಿ ತಲೆ ತಿನ್ನುತ್ತಿರುವುದು: ಎರರ್ ಕರೆಕ್ಷನ್‌ನಲ್ಲಿ (ಕ್ಯೂಬಿಟ್‌ಗಳ ತಪ್ಪು ಹುಡುಕಿ ತಿದ್ದುವ ವಿಧಾನ) ಪ್ರತಿ ಮೈಕ್ರೋಸೆಕೆಂಡಿಗೊಮ್ಮೆ ಕ್ಯೂಬಿಟ್‌ಗಳನ್ನು ಅಳೆಯುತ್ತಾರೆ. ಅಳೆದರೆ ಸೂಪರ್‌ಪೊಸಿಷನ್ ಹೋಗುತ್ತದೆ ಅಂತ ನಾವೇ ಹೇಳಿ, ಅದನ್ನು ಉಳಿಸೋಕೆ ಅಳೆಯುವುದೇ ದಾರಿ ಅಂತಲೂ ನಾವೇ ಹೇಳಿದರೆ ಹೇಗೆ?

ಫಾರ್ಮುಲಾ ಇದ್ದರೂ ಪರವಾಗಿಲ್ಲ, ಆದರೆ ಅರ್ಥ ಆಗಬೇಕು.

ಬೆಳಕಿಂಡಿ:

ಒಳ್ಳೆಯ ಪ್ರಶ್ನೆ. ಮೊದಲನೆಯದನ್ನು ನಾನು ತಗೊಳ್ಳುತ್ತೇನೆ.

"ಅಳತೆ" ಅಂದ ಕೂಡಲೇ ಒಬ್ಬ ಮನುಷ್ಯ, ಒಂದು ಮೀಟರ್, ಒಂದು ನೋಟ್‌ಬುಕ್ ಅಂತ ಕಲ್ಪಿಸಿಕೊಳ್ಳುತ್ತೇವೆ. ಅದನ್ನು ಬಿಡಿ. ಸೂಪರ್‌ಪೊಸಿಷನ್ ಹೋಗೋಕೆ ಯಾರೂ ನೋಡಬೇಕಾಗಿಲ್ಲ. ಕ್ಯೂಬಿಟ್ 0ಯೋ 1ಓ ಅನ್ನುವ ಸುದ್ದಿ ಹೊರಗಿನ ಯಾವುದೋ ಒಂದು ವಸ್ತುವಿನಲ್ಲಿ ಗುರುತು ಬಿಟ್ಟರೆ ಸಾಕು. ಒಂದು ಫೋಟಾನ್ ಆಗಬಹುದು, ಒಂದು ಅಣು ಆಗಬಹುದು. ಗೋಡೆಗೂ ಕಿವಿ ಇದೆ ಅಂತೀವಲ್ಲ, ಇಲ್ಲಿ ಅದು ನಿಜವಾಗಿಯೂ ಹಾಗೇ. ಗೋಡೆ ಕೇಳಿಸಿಕೊಂಡರೆ ಸಾಕು, ಅದು ಯಾರಿಗೂ ಹೇಳಬೇಕಾಗಿಲ್ಲ.

ಸುಮ್ನೆ ಮಾತಲ್ಲ, ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ವಿಯೆನ್ನಾದಲ್ಲಿ ಆಂಟನ್ ಝೈಲಿಂಗರ್, ಮಾರ್ಕಸ್ ಆರ್ನ್ಟ್ ಗುಂಪಿನವರು 2004ರಲ್ಲಿ ಮಾಡಿದ್ದು. 70 ಕಾರ್ಬನ್ ಪರಮಾಣುಗಳ ದೊಡ್ಡ ಅಣುಗಳನ್ನು ನಿರ್ವಾತದಲ್ಲಿ ಗ್ರೇಟಿಂಗ್‌ಗಳ (ಸಾಲಾಗಿ ಸಣ್ಣ ಸೀಳುಗಳಿರುವ ತೆರೆ) ಮೂಲಕ ಹಾಯಿಸಿದರು. ಒಂದೊಂದು ಅಣುವೂ ಹಲವು ಸೀಳುಗಳಲ್ಲಿ ಒಟ್ಟಿಗೆ ಹೋಗಿ, ಅಲೆಗಳು ಬೆರೆತಾಗ ಬರುವಂಥ ಇಂಟರ್‌ಫೆರೆನ್ಸ್ ಪಟ್ಟಿ ಮೂಡಿಸುತ್ತದೆ. ಸೀಳುಗಳ ನಡುವಿನ ಅಂತರ ಸುಮಾರು 1 ಮೈಕ್ರಾನ್. ಆಮೇಲೆ ಗ್ರೇಟಿಂಗ್‌ಗೆ ಹೋಗುವ ಮುಂಚೆ ಲೇಸರ್ ಹಾಕಿ ಅಣುಗಳನ್ನು ಕಾಯಿಸಿದರು. ಸ್ವಲ್ಪ ಕಾಯಿಸಿದಾಗ ಪಟ್ಟಿಗಳಿಗೆ ಏನೂ ಆಗಲಿಲ್ಲ. ಇನ್ನೂ ಕಾಯಿಸುತ್ತಾ ಹೋದರೆ ಪಟ್ಟಿಗಳು ಮಂಕಾಗುತ್ತಾ ಬಂದು, 3000 ಕೆಲ್ವಿನ್ ಹತ್ತಿರ ಬಂದಾಗ ಪೂರ್ತಿ ಅಳಿಸಿಹೋದವು.

ಯಾಕೆ? ಕಾದ ಕಬ್ಬಿಣ ಕೆಂಪಗೆ ಹೊಳೆಯುವಂತೆ ಕಾದ ಅಣುವೂ ಬೆಳಕು ಬಿಡುತ್ತದೆ. ಹಾರುವ ದಾರಿಯಲ್ಲಿ ಅದು ಬಿಟ್ಟ ಫೋಟಾನ್‌ಗಳಲ್ಲಿ "ನಾನು ಈ ಸೀಳಿನಿಂದ ಬಂದೆ" ಅನ್ನುವ ಸುದ್ದಿ ಇರುತ್ತದೆ. ಆ ಫೋಟಾನ್‌ಗಳನ್ನು ಯಾರೂ ಹಿಡಿಯಲಿಲ್ಲ, ಅವು ಹೋಗಿ ಪಾತ್ರೆಯ ಗೋಡೆಗೆ ಬಡಿದವು ಅಷ್ಟೇ. ಪಟ್ಟಿ ಮಾತ್ರ ಹೋಯಿತು. ಕಡಿಮೆ ಬಿಸಿಯಲ್ಲಿ ಹೊರಬರುವ ಫೋಟಾನ್‌ಗಳು ಕಡಿಮೆ, ಅವುಗಳ ತರಂಗದೂರವೂ ಉದ್ದ, ಅದರಿಂದ ಯಾವ ಸೀಳು ಅಂತ ಸರಿಯಾಗಿ ಗೊತ್ತಾಗಲ್ಲ. ಹಾಗಾಗಿ ಪಟ್ಟಿ ಉಳಿಯುತ್ತದೆ. ಎಷ್ಟು ಸುದ್ದಿ ಸೋರಿತೋ ಅಷ್ಟೇ ಹಾನಿ.

ನಿಮ್ಮ ಕ್ಯೂಬಿಟ್‌ಗೂ ಇದೇ ಆಗುವುದು. 0 ಮತ್ತು 1ರ ನಡುವಿನ ಫೇಸ್ ಸಂಬಂಧ (ಎರಡರ ಅಲೆಗಳ ಏರಿಳಿತ ಒಂದಕ್ಕೊಂದು ಹೇಗೆ ಹೊಂದುತ್ತದೆ ಅನ್ನುವುದು) ಇದೆಯಲ್ಲ, ಅದು ಕ್ಯೂಬಿಟ್‌ನಿಂದ ಜಾರಿ ಕ್ಯೂಬಿಟ್ ಮತ್ತು ಪರಿಸರ ಎರಡರ ಒಟ್ಟು ಸ್ಥಿತಿಗೆ ಹಂಚಿಹೋಗುತ್ತದೆ. ನಾಶವಾಗಿಲ್ಲ, ಆದರೆ ಕ್ಯೂಬಿಟ್ ಒಂದನ್ನೇ ಇಟ್ಟುಕೊಂಡು ನೋಡಿದರೆ ಸಿಗುವುದಿಲ್ಲ. ಡೆನ್ಸಿಟಿ ಮ್ಯಾಟ್ರಿಕ್ಸ್ ಓದಿದ್ದರೆ, ಕರ್ಣದ ಹೊರಗಿನ ಪದಗಳು ಸೊನ್ನೆಯ ಕಡೆಗೆ ಇಳಿಯುವುದು ಇದೇ.

ಓದುಗ_ಹುಬ್ಬಳ್ಳಿ:

ನಡುವೆ ಬಾಯಿ ಹಾಕುತ್ತೇನೆ, ಬೆಳಕಿಂಡಿ ಅವರೇ. ಹಾಗಾದರೆ ಶ್ರೋಡಿಂಗರ್ ಬೆಕ್ಕಿನ ಒಗಟು (ಪೆಟ್ಟಿಗೆಯೊಳಗಿನ ಬೆಕ್ಕು ಬದುಕಿಯೂ ಇದೆ, ಸತ್ತೂ ಇದೆ ಅನ್ನುವುದು) ಬಗೆಹರಿಯಿತು ಅಂತ ಆಯಿತಲ್ರೀ? ಪರಿಸರವೇ ಅಳೆಯುತ್ತದೆ, ಅದಕ್ಕೇ ಬೆಕ್ಕು ಒಂದೋ ಬದುಕಿರುತ್ತದೆ ಇಲ್ಲ ಸತ್ತಿರುತ್ತದೆ. ಹಲವು ಕಡೆ ಹೀಗೆ ಬರೆದಿದ್ದನ್ನು ನೋಡಿದ್ದೇನೆ.

ಬೆಳಕಿಂಡಿ:

ಅರ್ಧ ಬಗೆಹರಿಯಿತು ಅನ್ನಿ. ಜರ್ಮನಿಯ ಡೀಟರ್ ಝೇ 1970ರಲ್ಲಿ ಈ ವಿಚಾರ ಎತ್ತಿದಾಗ ಹೆಚ್ಚು ಜನ ಕಿವಿಗೊಡಲಿಲ್ಲ. 1981, 82ರಲ್ಲಿ ವೊಯ್ಚೆಕ್ ಝುರೆಕ್ ಬರೆದ ಮೇಲೆ ಗಂಭೀರವಾಗಿ ತಗೊಂಡರು. ದೊಡ್ಡ ವಸ್ತುಗಳಲ್ಲಿ ಇಂಟರ್‌ಫೆರೆನ್ಸ್ ಯಾಕೆ ಕಾಣಲ್ಲ, ಎಷ್ಟು ಬೇಗ ಮಾಯವಾಗುತ್ತದೆ ಅನ್ನುವುದನ್ನು ಡಿಕೋಹೆರೆನ್ಸ್ ಚೆನ್ನಾಗಿ ವಿವರಿಸುತ್ತದೆ. ಆದರೆ ಎರಡು ಸಾಧ್ಯತೆಗಳಲ್ಲಿ ನಮ್ಮ ಕಣ್ಣಿಗೆ ಇದೇ ಒಂದು ಯಾಕೆ ಬಿತ್ತು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಆ ಜಗಳ ಇವತ್ತಿಗೂ ನಡೆಯುತ್ತಿದೆ. ಕಂಪ್ಯೂಟರ್ ಕಟ್ಟುವವರಿಗೆ ಆ ಜಗಳ ಮುಗಿಯುವ ತನಕ ಕಾಯಬೇಕಾಗಿಲ್ಲ, ಅದು ಒಂದು ಸಮಾಧಾನ.

"ಎಷ್ಟು ಬೇಗ" ಅನ್ನುವುದಕ್ಕೆ ಪ್ಯಾರಿಸ್‌ನ ಸರ್ಜ್ ಅರೋಷ್ ಗುಂಪಿನ 1996ರ ಪ್ರಯೋಗ ನೋಡಲೇಬೇಕು. ಸೂಪರ್‌ಕಂಡಕ್ಟರ್ ಕನ್ನಡಿಗಳ ನಡುವೆ ಕೆಲವೇ ಮೈಕ್ರೋವೇವ್ ಫೋಟಾನ್‌ಗಳನ್ನು ಕೂಡಿಹಾಕಿ, ಆ ಅಲೆಯನ್ನು ಎರಡು ಬೇರೆ ಬೇರೆ ಫೇಸ್‌ಗಳ ಸೂಪರ್‌ಪೊಸಿಷನ್‌ನಲ್ಲಿ ಇಟ್ಟು, ಅದು ಕೆಡುವುದನ್ನು ಹಂತ ಹಂತವಾಗಿ ನೋಡಿದರು. ಎರಡು ಫೇಸ್‌ಗಳು ಒಂದಕ್ಕೊಂದು ದೂರ ಇದ್ದಷ್ಟೂ ಬೇಗ ಕೆಟ್ಟವು. 2012ರ ನೊಬೆಲ್‌ನಲ್ಲಿ ಈ ಕೆಲಸಕ್ಕೂ ಪಾಲಿದೆ. ಸ್ವಾರಸ್ಯ ಏನು ಗೊತ್ತಾ? ಅದೇ 1996ರಲ್ಲಿ ಅರೋಷ್ ಮತ್ತು ರೈಮೊಂ ಸೇರಿ ಕ್ವಾಂಟಮ್ ಕಂಪ್ಯೂಟರ್ ಕನಸೋ ದುಃಸ್ವಪ್ನವೋ ಅಂತ ಕೇಳುವ ಲೇಖನ ಬರೆದರು. ಡಿಕೋಹೆರೆನ್ಸ್ ಅನ್ನು ಕಣ್ಣಾರೆ ಕಂಡವರೇ ಹಾಗೆ ಕೇಳಿದರು ಅಂದ್ರೆ ಭಯ ಎಷ್ಟಿತ್ತು ಅಂತ ಗೊತ್ತಾಗುತ್ತದೆ.

ಲ್ಯಾಬ್‌ವಾಸಿ:

ಫ್ರಿಜ್ ಪ್ರಶ್ನೆ ನನಗೆ ಬಿಡಿ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಮೇಲೇ ನನ್ನ ಪಿಎಚ್‌ಡಿ ನಡೆಯುತ್ತಿದೆ.

ಈ ಕ್ಯೂಬಿಟ್‌ಗಳು ಸುಮಾರು 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಆ ಶಕ್ತಿಯನ್ನು ಉಷ್ಣಾಂಶದ ಲೆಕ್ಕದಲ್ಲಿ ಹೇಳಿದರೆ 0.24 ಕೆಲ್ವಿನ್. ಡೈಲ್ಯೂಷನ್ ಫ್ರಿಜ್‌ನ ತಳ 0.01, 0.02 ಕೆಲ್ವಿನ್‌ನಲ್ಲಿರುತ್ತದೆ. ಅಂದರೆ ಬಿಸಿಯಿಂದಾಗಿ ಕ್ಯೂಬಿಟ್ ತಾನಾಗೇ 1ಕ್ಕೆ ಏರುವ ಸಂಭವ ಲೆಕ್ಕದ ಪ್ರಕಾರ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಇನ್ನೂ ತಣ್ಣಗೆ ಮಾಡಿ ಏನು ಲಾಭ? ಆದರೆ ನಿಜವಾಗಿ ಅಳೆದು ನೋಡಿದರೆ ಕ್ಯೂಬಿಟ್ ಫ್ರಿಜ್ ಹೇಳುವುದಕ್ಕಿಂತ ಬೆಚ್ಚಗಿರುತ್ತದೆ. ಎಷ್ಟೋ ಸಲ 0.05 ಕೆಲ್ವಿನ್‌ನಲ್ಲಿ ಇದ್ದ ಹಾಗೆ ವರ್ತಿಸುತ್ತದೆ. ಯಾಕಂದ್ರೆ ಕ್ಯೂಬಿಟ್ ಅನ್ನು ಆಡಿಸುವ ಮೈಕ್ರೋವೇವ್ ಪಲ್ಸ್ ಕಳಿಸೋಕೆ ಹೊರಗಿನಿಂದ ಒಂದು ಕೇಬಲ್ ಬೇಕು. ರೂಮಿನ ಬಿಸಿಯಲ್ಲಿರುವ ಕೇಬಲ್‌ನಲ್ಲಿ ಆ ಫ್ರೀಕ್ವೆನ್ಸಿಯ ಸಾವಿರಕ್ಕೂ ಹೆಚ್ಚು ಬಿಸಿ ಫೋಟಾನ್‌ಗಳು ತುಂಬಿರುತ್ತವೆ. ಅದಕ್ಕೇ 4 ಕೆಲ್ವಿನ್ ತಟ್ಟೆಯಲ್ಲಿ ಒಂದು, ಅದರ ಕೆಳಗೆ ಇನ್ನೊಂದು, ತಳದಲ್ಲಿ ಮತ್ತೊಂದು ಅಂತ ಅಟೆನ್ಯುಯೇಟರ್ ಹಾಕಿ ಒಟ್ಟು 60 ಡೆಸಿಬೆಲ್ ಆಸುಪಾಸು ತಗ್ಗಿಸುತ್ತೇವೆ. ನಾವು ಕಳಿಸುವ ಸಿಗ್ನಲ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಕೆಳಗೆ ತಲುಪುತ್ತದೆ. ಕಿವಿ ಇಲ್ಲದ ಗೋಡೆ ಕಟ್ಟಿದರೆ ಕ್ಯೂಬಿಟ್ ಜೊತೆ ನಾವೇ ಮಾತಾಡೋಕೆ ಆಗಲ್ಲ. ಈ ಇಕ್ಕಟ್ಟಿನಿಂದ ಯಾರಿಗೂ ಬಿಡುಗಡೆ ಇಲ್ಲ.

ಇದಕ್ಕಿಂತ ಕಾಡುವುದು ಚಿಪ್‌ನ ಮೇಲ್ಮೈ. ಲೋಹದ ಮೇಲಿನ ಆಕ್ಸೈಡ್ ಪದರದಲ್ಲಿ ಎರಡು ಸ್ಥಿತಿಗಳ ನಡುವೆ ಓಲಾಡುವ ಸಣ್ಣ ಸಣ್ಣ ದೋಷಗಳಿರುತ್ತವೆ. ಅವುಗಳಲ್ಲಿ ಒಂದರ ಫ್ರೀಕ್ವೆನ್ಸಿ ಕ್ಯೂಬಿಟ್‌ನದಕ್ಕೆ ಹೊಂದಿಬಿಟ್ಟರೆ ಕ್ಯೂಬಿಟ್‌ನ ಶಕ್ತಿಯನ್ನು ಹೀರಿಬಿಡುತ್ತದೆ. ತಣ್ಣಗೆ ಮಾಡಿದಷ್ಟೂ ಈ ದೋಷಗಳು ಕೆಳಗಿನ ಸ್ಥಿತಿಗೆ ಇಳಿದು ಹೀರೋಕೆ ಇನ್ನಷ್ಟು ಸಿದ್ಧವಾಗಿರುತ್ತವೆ! ಇನ್ನೊಂದು ಕಷ್ಟ, ಈ ದೋಷಗಳು ಒಂದೇ ಕಡೆ ನಿಲ್ಲಲ್ಲ. ಸಂಜೆ ಅಳೆದಾಗ ಟಿ1 (ಶಕ್ತಿ ಉಳಿಯುವ ಸಮಯ) ಚೆನ್ನಾಗಿದ್ದ ಕ್ಯೂಬಿಟ್ ಬೆಳಿಗ್ಗೆ ಬಂದು ನೋಡಿದರೆ ಅರ್ಧಕ್ಕೆ ಇಳಿದಿರುತ್ತದೆ. ನಾವು ಏನೂ ಮುಟ್ಟಿರುವುದಿಲ್ಲ.

ಟಿ1, ಟಿ2 ಗೊಂದಲ ಇದ್ದರೆ ಹೀಗೆ ಇಟ್ಟುಕೊಳ್ಳಿ. ಟಿ1 ಅಂದರೆ 1ರಿಂದ 0ಗೆ ಬೀಳುವ ಸಮಯ. ಟಿ2 ಅಂದರೆ ಫೇಸ್ ನೆನಪು ಉಳಿಯುವ ಸಮಯ. ಟಿ1ಗೆ ಕ್ಯೂಬಿಟ್ ಶಕ್ತಿ ಕಳೆದುಕೊಳ್ಳಬೇಕು. ಫೇಸ್ ಕೆಡೋಕೆ ಶಕ್ತಿ ಹೋಗಲೇಬೇಕು ಅಂತಿಲ್ಲ, ಸುತ್ತಲಿನ ಫೀಲ್ಡ್ ಸ್ವಲ್ಪ ಅಲುಗಾಡಿದರೂ ಸಾಕು. ಟಿ2 ಯಾವತ್ತೂ ಟಿ1ರ ಎರಡರಷ್ಟನ್ನು ದಾಟಲ್ಲ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ಅಳೆಯೋದು ಸುಲಭ. ಅರ್ಧ ಪಲ್ಸ್ ಕೊಟ್ಟು ಕ್ಯೂಬಿಟ್ ಅನ್ನು ಸಮಭಾಗದ ಸೂಪರ್‌ಪೊಸಿಷನ್‌ಗೆ ತರುತ್ತೇವೆ, ಸ್ವಲ್ಪ ಹೊತ್ತು ಬಿಡುತ್ತೇವೆ, ಇನ್ನೊಂದು ಅರ್ಧ ಪಲ್ಸ್ ಕೊಟ್ಟು ಓದುತ್ತೇವೆ. ಬಿಡುವ ಹೊತ್ತನ್ನು ಬದಲಿಸುತ್ತಾ ಇದನ್ನೇ ಸಾವಿರಾರು ಸಲ ಮಾಡಿದರೆ ಪರದೆ ಮೇಲೆ ಏರಿಳಿಯುವ ಒಂದು ಗೆರೆ ಬರುತ್ತದೆ. ಶುರುವಿನಲ್ಲಿ ಎತ್ತರದ ಅಲೆಗಳು, ಬಲಕ್ಕೆ ಹೋದಂತೆ ಚಿಕ್ಕದಾಗಿ ಕೊನೆಗೆ ನಟ್ಟನಡುವೆ ಚಪ್ಪಟೆ. ಆ ಚಪ್ಪಟೆ ಗೆರೆಯೇ ಡಿಕೋಹೆರೆನ್ಸ್. ನಡುವೆ ಒಂದು ಪೂರ್ತಿ ಪಲ್ಸ್ ಕೊಟ್ಟು ತಿರುಗಿಸಿದರೆ ನಿಧಾನವಾದ ಅಲುಗಾಟಗಳೆಲ್ಲ ತಮ್ಮಷ್ಟಕ್ಕೆ ರದ್ದಾಗುತ್ತವೆ. ಎರ್ವಿನ್ ಹಾನ್ 1950ರಲ್ಲಿ ನ್ಯೂಕ್ಲಿಯರ್ ಸ್ಪಿನ್‌ಗಳಿಗೆ ಕಂಡುಹಿಡಿದ ಉಪಾಯ, ನಾವು ಇವತ್ತಿಗೂ ಬಳಸುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ಒಳ್ಳೆಯ ಸುದ್ದಿಯೂ ಹೇಳಬೇಕು. 1999ರಲ್ಲಿ ಜಪಾನಿನ ಎನ್‌ಇಸಿಯಲ್ಲಿ ನಾಕಾಮುರಾ, ಪಾಷ್ಕಿನ್, ತ್ಸಾಯ್ ಮೊದಲ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಆಡಿಸಿದಾಗ ಅದು ಉಳಿದದ್ದು ಒಂದೆರಡು ನ್ಯಾನೋಸೆಕೆಂಡ್. 2002ರಲ್ಲಿ ಫ್ರಾನ್ಸಿನ ಸಾಕ್ಲೇಯಲ್ಲಿ ಸುಮಾರು ಅರ್ಧ ಮೈಕ್ರೋಸೆಕೆಂಡ್. 2007ರಲ್ಲಿ ಯೇಲ್‌ನವರ ಟ್ರಾನ್ಸ್‌ಮಾನ್ ಬಂತು, ಚಾರ್ಜ್‌ನ ಗದ್ದಲ ತಟ್ಟದ ವಿನ್ಯಾಸ ಅದು. 2021ರಲ್ಲಿ ಪ್ರಿನ್ಸ್‌ಟನ್‌ನವರು ಟ್ಯಾಂಟಲಮ್ ಲೋಹ ಬಳಸಿ 0.3 ಮಿಲಿಸೆಕೆಂಡ್ ದಾಟಿದರು, 2025ರಲ್ಲಿ ಒಂದು ಮಿಲಿಸೆಕೆಂಡ್ ಅನ್ನೂ ದಾಟಿದರು. ಕಾಲು ಶತಮಾನದಲ್ಲಿ ಲಕ್ಷಗಟ್ಟಲೆ ಪಟ್ಟು. ಹೊಸ ಭೌತಶಾಸ್ತ್ರ ಏನೂ ಸಿಕ್ಕಿಲ್ಲ, ಸೋರುವ ಒಂದೊಂದೇ ತೂತನ್ನು ಹುಡುಕಿ ಮುಚ್ಚಿದ್ದು ಅಷ್ಟೇ. ಈ ಕೆಲಸಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ. ಪೇಪರ್‌ನಲ್ಲಿ ಬರುವುದು ಕ್ಯೂಬಿಟ್ ಎಷ್ಟು ಅನ್ನುವ ಲೆಕ್ಕ ಮಾತ್ರ.

ಕೋಡ್‌ಗಾರ:

ಮೂರನೇ ಪ್ರಶ್ನೆಗೆ ಬರುತ್ತೇನೆ. ಬೆಳಕಿಂಡಿ ಅವರು ಹೇಳಿದ್ದನ್ನೇ ಹಿಡಿದುಕೊಳ್ಳಿ, ಸುದ್ದಿ ಸೋರಿದರೆ ಹಾನಿ. ಹಾಗಾದರೆ ಕ್ಯೂಬಿಟ್‌ನ ಒಳಗಿನ ಸುದ್ದಿ ಸೋರದ ಹಾಗೆ ಬರೀ ತಪ್ಪನ್ನು ಮಾತ್ರ ಕೇಳುವ ಪ್ರಶ್ನೆ ಇದೆಯಾ? ಇದೆ.

ಕ್ಯೂಬಿಟ್ ಅನ್ನು ನಕಲು ಮಾಡೋಕೆ ಆಗಲ್ಲ, ಅದು 1982ರಲ್ಲೇ ಸಾಬೀತಾಗಿದೆ. ಆದರೆ ಒಂದು ಕ್ಯೂಬಿಟ್‌ನ ಸ್ಥಿತಿಯನ್ನು ಮೂರರಲ್ಲಿ ಹರಡಬಹುದು. ಎ ಸಲ 0 ಮತ್ತು ಬಿ ಸಲ 1 (ಎ, ಬಿ ಅಂದರೆ ಸೂಪರ್‌ಪೊಸಿಷನ್‌ನಲ್ಲಿ 0, 1ರ ಪಾಲು) ಅನ್ನುವುದನ್ನು ಎ ಸಲ 000 ಮತ್ತು ಬಿ ಸಲ 111 ಅಂತ ಮಾಡಿ. ಈಗ ಕೇಳಿ: ಮೊದಲನೆಯದು, ಎರಡನೆಯದು ಒಂದೇ ತರ ಇವೆಯಾ? 000 ಆಗಿದ್ದರೂ ಹೌದು, 111 ಆಗಿದ್ದರೂ ಹೌದು. ಉತ್ತರದಿಂದ ಎ, ಬಿ ಬಗ್ಗೆ ಒಂದು ಚೂರೂ ಗೊತ್ತಾಗಲ್ಲ. ಗೊತ್ತಾಗದೇ ಇರುವುದರಿಂದಲೇ ಸೂಪರ್‌ಪೊಸಿಷನ್ ಉಳಿಯುತ್ತದೆ. ನಡುವಿನದು ತಿರುಗಿ 010 ಮತ್ತು 101 ಆಗಿದ್ದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಹೊಂದಲ್ಲ, ಎರಡನೆಯದಕ್ಕೂ ಮೂರನೆಯದಕ್ಕೂ ಹೊಂದಲ್ಲ. ತಪ್ಪು ಎಲ್ಲಿ ಅಂತ ಸಿಕ್ಕಿತು. ಈ ಪ್ರಶ್ನೆ ಕೇಳೋಕೆ ಪಕ್ಕದಲ್ಲಿ ಬೇರೆ ಕ್ಯೂಬಿಟ್‌ಗಳಿರುತ್ತವೆ, ಅಳೆಯುವುದು ಅವುಗಳನ್ನು ಮಾತ್ರ.

ಇಲ್ಲಿ ಇನ್ನೊಂದು ಸೊಗಸು ಇದೆ. ಕ್ಯೂಬಿಟ್ ಪೂರ್ತಿ ತಿರುಗಬೇಕಾಗಿಲ್ಲ, ಒಂದು ಡಿಗ್ರಿಯಷ್ಟು ವಾಲಿರಬಹುದು. ಹಾಗಾದರೆ ತಪ್ಪಿಗೆ ಲೆಕ್ಕವಿಲ್ಲದಷ್ಟು ಬಗೆಗಳು ಇರಬೇಕಲ್ವಾ? ಆದರೆ "ಒಂದೇ ತರ ಇವೆಯಾ" ಅಂತ ಅಳೆದಾಗ ಆ ಅಳತೆಯೇ ವಾಲಿದ್ದನ್ನು ಒಂದೋ ಪೂರ್ತಿ ಸರಿಗೆ, ಇಲ್ಲವೇ ಪೂರ್ತಿ ತಪ್ಪಿಗೆ ತಳ್ಳುತ್ತದೆ. ಪೂರ್ತಿ ತಪ್ಪಾದರೆ ತಿರುಗಿಸಿ ಸರಿ ಮಾಡುತ್ತೇವೆ. ಅಂದರೆ ನಿಮ್ಮನ್ನು ಕಾಡುತ್ತಿದ್ದ ಆ ಅಳತೆಯೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂರು ಕ್ಯೂಬಿಟ್ ತಿರುಗುವ ತಪ್ಪಿಗೆ ಸಾಕು, ಫೇಸ್ ತಪ್ಪಿಗೆ ಸಾಲದು. ಪೀಟರ್ ಶೋರ್ 1995ರಲ್ಲಿ ಎರಡನ್ನೂ ಸೇರಿಸಿ ಒಂಬತ್ತು ಕ್ಯೂಬಿಟ್‌ಗಳ ಕೋಡ್ ಕೊಟ್ಟರು. ಆಮೇಲೆ ಬೇರೆ ಬೇರೆಯವರು ತೋರಿಸಿದ್ದು, ಒಂದೊಂದು ಗೇಟ್‌ನ (ಕ್ಯೂಬಿಟ್‌ಗಳ ಮೇಲೆ ಮಾಡುವ ಒಂದು ಕ್ರಿಯೆ) ತಪ್ಪು ಒಂದು ಮಿತಿಗಿಂತ ಕೆಳಗಿದ್ದರೆ ಕ್ಯೂಬಿಟ್ ಸೇರಿಸುತ್ತಾ ಹೋದಷ್ಟೂ ಒಟ್ಟು ತಪ್ಪು ಇಳಿಯುತ್ತದೆ. ಈಗ ಬಳಕೆಯಲ್ಲಿರುವ ಸರ್ಫೇಸ್ ಕೋಡ್‌ಗೆ ಆ ಮಿತಿ ಶೇಕಡಾ 1ರ ಹತ್ತಿರ. ಮಿತಿಗಿಂತ ಮೇಲಿದ್ದರೆ ಸೇರಿಸಿದಷ್ಟೂ ಹಾಳು.

ನೀವು ಹೇಳಿದ ವಿಲ್ಲೋ ಮುಖ್ಯವಾಗುವುದು ಇಲ್ಲೇ. 17, 49, 97 ಕ್ಯೂಬಿಟ್‌ಗಳ ಮೂರು ಗಾತ್ರದಲ್ಲಿ ಕೋಡ್ ಕಟ್ಟಿ ನೋಡಿದರು. ಗಾತ್ರ ಒಂದು ಹೆಜ್ಜೆ ಏರಿದಾಗಲೆಲ್ಲ ತಪ್ಪು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯಿತು. ದೊಡ್ಡದರಲ್ಲಿ ತಪ್ಪು ಹುಡುಕುವ ಒಂದೊಂದು ಸುತ್ತಿನಲ್ಲಿ ಆಗುವ ತಪ್ಪು ಶೇಕಡಾ 0.143. ಒಟ್ಟು ಸೇರಿ ಮಾಡಿದ ಆ ಒಂದು ಕ್ಯೂಬಿಟ್, ಅದರೊಳಗಿನ ಅತ್ಯುತ್ತಮ ಬಿಡಿ ಕ್ಯೂಬಿಟ್‌ಗಿಂತ 2.4 ಪಟ್ಟು ಹೆಚ್ಚು ಹೊತ್ತು ಬಾಳಿತು. ಇದಕ್ಕೇ ಹತ್ತಿರ ಹತ್ತಿರ ಮೂವತ್ತು ವರ್ಷ ಕಾದಿದ್ದು.

ತುಮಕೂರು_ಹುಡುಗ:

ತುಂಬಾ ತುಂಬಾ ಥ್ಯಾಂಕ್ಸ್. ಎ, ಬಿ ಗೊತ್ತಾಗದ ಪ್ರಶ್ನೆ ಕೇಳುವುದು, ಇದು ಸೀದಾ ತಲೆಗೆ ಹೋಯಿತು. ಇನ್ನೊಂದೇ ಒಂದು. ಕೋಡ್ ಇದ್ದ ಮೇಲೆ ಬಿಡಿ ಕ್ಯೂಬಿಟ್ ಇನ್ನೂ ಹೆಚ್ಚು ಬಾಳಲಿ ಅಂತ ಲ್ಯಾಬ್‌ವಾಸಿ ಅಕ್ಕನಂಥವರು ಯಾಕೆ ಇಷ್ಟು ಕಷ್ಟಪಡಬೇಕು? ಸುಮ್ನೆ ಕ್ಯೂಬಿಟ್ ಜಾಸ್ತಿ ಹಾಕಿದರಾಗದಾ?

ಕೋಡ್‌ಗಾರ:

ಲೆಕ್ಕ ಹಾಕಿ ನೋಡಿ. ಇಂಟರ್ನೆಟ್‌ನಲ್ಲಿ ಗುಟ್ಟು ಕಾಯುವ 2048 ಬಿಟ್‌ನ ಆರ್‌ಎಸ್‌ಎ ಬೀಗ ಒಡೆಯೋಕೆ 2 ಕೋಟಿ ಕ್ಯೂಬಿಟ್, 8 ಗಂಟೆ ಬೇಕು ಅಂತ 2019ರಲ್ಲಿ ಗಿಡ್ನಿ ಮತ್ತು ಎಕೆರೊ ಅಂದಾಜು ಮಾಡಿದ್ದರು. 2025ರಲ್ಲಿ ಅದೇ ಗಿಡ್ನಿ 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರದೊಳಗೆ ಅಂತ ತೋರಿಸಿದರು. ಮೈಕ್ರೋಸೆಕೆಂಡ್‌ಗಳಲ್ಲಿ ಸಾಯುವ ಬಿಡಿ ಭಾಗಗಳಿಂದ ಹಲವು ದಿನ ಓಡುವ ಲೆಕ್ಕ. ಬಿಡಿ ಕ್ಯೂಬಿಟ್‌ನ ತಪ್ಪು ಇಳಿದಷ್ಟೂ ಗಾತ್ರದ ಒಂದೊಂದು ಹೆಜ್ಜೆಗೂ ಸಿಗುವ ಲಾಭ ಹೆಚ್ಚುತ್ತದೆ. ಎರಡು ಪಟ್ಟಿನ ಬದಲು ಹತ್ತು ಪಟ್ಟು ಇಳಿಯುವ ಹಾಗಾದರೆ ಬೇಕಾದ ಕ್ಯೂಬಿಟ್‌ಗಳ ಸಂಖ್ಯೆ ಎಷ್ಟೋ ಪಾಲು ಕಡಿಮೆ ಆಗುತ್ತದೆ. ಹಾಗಾಗಿ ಎರಡೂ ಬೇಕು.

ಲ್ಯಾಬ್‌ವಾಸಿ:

ಇನ್ನೂ ಒಂದು ಕಾರಣ ಇದೆ. ತಪ್ಪುಗಳು ಅಲ್ಲೊಂದು ಇಲ್ಲೊಂದು ಬೀಳುತ್ತವೆ ಅಂತ ಕೋಡ್ ನಂಬಿಕೊಂಡಿರುತ್ತದೆ. ಆದರೆ ಆಕಾಶದಿಂದ ಬರುವ ಒಂದು ಕಾಸ್ಮಿಕ್ ಕಿರಣ ಚಿಪ್‌ಗೆ ಬಡಿದರೆ ಹತ್ತಾರು ಕ್ಯೂಬಿಟ್‌ಗಳು ಒಟ್ಟಿಗೆ ಕೆಡುತ್ತವೆ. ಗೂಗಲ್‌ನ ಹಳೆಯ ಚಿಪ್‌ನಲ್ಲಿ ಇಂಥದ್ದು ಸುಮಾರು ಹತ್ತು ಸೆಕೆಂಡಿಗೊಮ್ಮೆ ಕಂಡಿತ್ತು. ಸೂಪರ್‌ಕಂಡಕ್ಟರ್ ಪದರಗಳ ವಿನ್ಯಾಸ ಬದಲಿಸಿ ಅದನ್ನು ತುಂಬಾ ತಗ್ಗಿಸಿದ್ದಾರೆ. ಆದರೂ ವಿಲ್ಲೋದಲ್ಲಿ ಸುಮಾರು ಗಂಟೆಗೊಮ್ಮೆ ಹಲವು ಕ್ಯೂಬಿಟ್‌ಗಳು ಒಟ್ಟಿಗೆ ತಪ್ಪುವ ಘಟನೆ ಉಳಿದೇ ಇತ್ತು. ಎಂಐಟಿಯವರು 2020ರಲ್ಲಿ ಸೀಸದ ಗೋಡೆ ಕಟ್ಟಿ ನೋಡಿದ್ದಾರೆ. ಇಟಲಿಯಲ್ಲಿ ಗ್ರಾನ್ ಸಾಸ್ಸೋ ಬೆಟ್ಟದ ಕೆಳಗಿನ ಲ್ಯಾಬ್‌ಗೇ ಚಿಪ್ ತಗೊಂಡು ಹೋಗಿ ಅಳೆದಿದ್ದಾರೆ. ನಮ್ಮವರಿಗೆ ಇದು ಹೊಸದಲ್ಲ ನೋಡಿ. ಕಾಸ್ಮಿಕ್ ಕಿರಣಗಳಿಂದ ತಪ್ಪಿಸಿಕೊಳ್ಳೋಕೆ ಅಂತಲೇ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಪ್ರಯೋಗ ಇಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಕಣವನ್ನು ಹಿಡಿದಿದ್ದರು.

ಸೆಮಿನಾರ್‌ನಲ್ಲಿ ಯಾರಾದರೂ ನಮ್ಮ ದೇಶದ್ದು ಏನು ಅಂತ ಕೇಳೇ ಕೇಳುತ್ತಾರೆ. 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಸುಮಾರು 6,000 ಕೋಟಿ ರೂಪಾಯಿ, ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್ಸಿಯಲ್ಲಿ. ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್ ಗುರಿ. ಗುರಿ ಹೇಳುವಾಗ ಟಿ2 ಎಷ್ಟು, ಎರಡು ಕ್ಯೂಬಿಟ್ ಗೇಟ್‌ನ ತಪ್ಪು ಎಷ್ಟು ಅಂತಲೂ ಜೊತೆಗೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾವ ದೇಶದ, ಯಾವ ಕಂಪನಿಯ ಚಿಪ್ ಆದರೂ ಸರಿ.

ಬರೀ ಓದಿ ಹೇಳಬೇಡಿ, ಮಾಡಿ ತೋರಿಸಿ. ಐಬಿಎಂ ಕ್ಲೌಡ್‌ನಲ್ಲಿ ಪ್ರತಿ ಕ್ಯೂಬಿಟ್‌ನ ಟಿ1, ಟಿ2 ಹಾಕಿರುತ್ತಾರೆ. ಒಂದು ಕ್ಯೂಬಿಟ್ ಆರಿಸಿ ನಾನು ಮೇಲೆ ಹೇಳಿದ ಎರಡು ಅರ್ಧ ಪಲ್ಸ್ ಪ್ರಯೋಗ ಮಾಡಿ, ಆಮೇಲೆ ಹಾನ್ ಪಲ್ಸ್ ಸೇರಿಸಿ ಮತ್ತೆ ಮಾಡಿ, ಎರಡು ಗೆರೆಗಳನ್ನೂ ಒಂದೇ ಸ್ಲೈಡ್‌ನಲ್ಲಿ ಹಾಕಿ. ಹಾನ್ ಪಲ್ಸ್ ಹಾಕಿದ ಗೆರೆ ತುಂಬಾ ಉದ್ದ ಉಳಿದರೆ ಆ ಕ್ಯೂಬಿಟ್‌ನ ಸುತ್ತ ನಿಧಾನದ ಅಲುಗಾಟ ಜಾಸ್ತಿ ಅಂತ ಅರ್ಥ. ಎರಡೂ ಹೆಚ್ಚುಕಡಿಮೆ ಒಂದೇ ತರ ಇದ್ದರೆ ಗದ್ದಲ ವೇಗದ್ದು ಅಂತ ಅನುಮಾನಿಸಿ, ಟಿ1ರ ಜೊತೆ ಹೋಲಿಸಿ ನೋಡಿ. ಗ್ರಾಫ್ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.